ಓದುಗಭೇದ ಪ್ರಕರಣ: ಕಾಮಿಕ್ಸ್ ಶಾಸ್ತ್ರಗ್ರಂಥ ಓದಿದವರ ಲಕ್ಷಣ ನಿರೂಪಣೆ

ಪೀಠಿಕೆ

ನಮ್ಮ ಲಾಕ್ಷಣಿಕರು ಎಣಿಸದೆ ಬಿಟ್ಟದ್ದು ಬಹಳ ಕಡಿಮೆ. ನಾಯಿಕೆಯರು ಎಂಟು ಬಗೆ ಎಂದರು. ನಾಯಕರನ್ನು ನಾಲ್ಕಕ್ಕೆ ನಿಲ್ಲಿಸಿದರು. ಕಾವ್ಯದ ಗುಣಗಳು ಹತ್ತೆಂದು ಕೆಲವರು, ಮೂರೇ ಸಾಕೆಂದು ಕೆಲವರು ಶತಮಾನಗಟ್ಟಲೆ ಹಗ್ಗ ಜಗ್ಗಿದರು. ಆನೆಗೆ, ಕುದುರೆಗೆ, ರತ್ನಕ್ಕೆ, ಕನಸಿಗೆ, ಕೊನೆಗೆ ಮೈಮೇಲೆ ಬೀಳುವ ಹಲ್ಲಿಗೂ ಶಾಸ್ತ್ರವಿದೆ. ಕಾಮಿಕ್ಸ್ ಕುರಿತ ಶಾಸ್ತ್ರಗ್ರಂಥವನ್ನು ಓದಿ ಮುಗಿಸಿದ ಮನುಷ್ಯನ ಮುಖದಲ್ಲಿ ಏನೇನು ಮೂಡುತ್ತದೆ ಎಂಬುದಕ್ಕೆ ಮಾತ್ರ ಯಾರೂ ಸೂತ್ರ ಬರೆದಿಲ್ಲ. ಆ ಕೊರತೆ ನೀಗಲೆಂದು ಈ ಪ್ರಕರಣ.

ಶಾಸ್ತ್ರ ಬರೆಯುವವರು ವಿಷಯ, ಅಧಿಕಾರಿ, ಪ್ರಯೋಜನಗಳನ್ನು ಮೊದಲೇ ಹೇಳಿಬಿಡಬೇಕೆಂಬುದು ರೂಢಿ. ವಿಷಯ: ಕಾಮಿಕ್ಸ್ ಎಂದರೇನು, ಅದು ಹೇಗೆ ಕೆಲಸ ಮಾಡುತ್ತದೆ, ಓದಿದರೆ ಏನಾಗುತ್ತದೆ ಎಂದು ವಿವರಿಸುವ ಗ್ರಂಥಗಳ ಓದುಗರು. ಬರೀ ಕಾಮಿಕ್ಸ್ ಓದುವವರು ಇಲ್ಲಿ ಲೆಕ್ಕಕ್ಕಿಲ್ಲ. ಗಣಿತದ ಪುಸ್ತಕದೊಳಗೆ ಫ್ಯಾಂಟಮ್ ಇಟ್ಟುಕೊಂಡು ಓದಿದವನು ಬೇರೆ. ಹಾಗೆ ಓದಿದ್ದಕ್ಕೆ ಮೂವತ್ತು ವರ್ಷ ಕಳೆದ ಮೇಲೆ ಅಡಿಟಿಪ್ಪಣಿ ಸಮೇತ ಸಮರ್ಥನೆ ಹುಡುಕುವವನು ಬೇರೆ, ಇಬ್ಬರೂ ಒಬ್ಬನೇ ಆಗಿದ್ದರೂ ಸರಿಯೇ. ಅಧಿಕಾರಿ: ಒಂದು ಚೌಕದಿಂದ ಇನ್ನೊಂದು ಚೌಕಕ್ಕೆ ಎಡವದೆ ದಾಟಬಲ್ಲ ಯಾರಾದರೂ. ಪ್ರಯೋಜನ: ಪುಸ್ತಕ ವಿಮರ್ಶೆ ಬರೆಯುವವರಿಗೆ ಸಿದ್ಧ ವಿಶೇಷಣಗಳು, ಉಳಿದವರಿಗೆ ಕಾಲಕ್ಷೇಪ.

ಈ ದಾರಿಯಲ್ಲಿ ಮೊದಲು ನಡೆದ ಪೂರ್ವಾಚಾರ್ಯರು ಇಟಲಿಯ ಉಂಬರ್ಟೋ ಇಕೋ. 1964ರ ತಮ್ಮ ಪುಸ್ತಕದಲ್ಲಿ ಅವರು ಜನಪ್ರಿಯ ಸಂಸ್ಕೃತಿಯ ಬಗ್ಗೆ ಮಾತಾಡುವ ಬುದ್ಧಿವಂತರನ್ನು ಎರಡು ಪಂಗಡ ಮಾಡಿ ಕೈತೊಳೆದುಕೊಂಡರು: ಲೋಕ ಮುಳುಗಿಹೋಯಿತು ಎನ್ನುವ ಪ್ರಳಯವಾದಿಗಳು, ಎಲ್ಲ ಸರಿಯಾಗಿದೆ ಎನ್ನುವ ಹೊಂದಿಕೊಂಡವರು. ಅದೇ ಪುಸ್ತಕದಲ್ಲಿ 'ಸ್ಟೀವ್ ಕ್ಯಾನ್ಯನ್' ಕಾಮಿಕ್ಸನ್ನು ಚೌಕ ಚೌಕವಾಗಿ ಬಿಡಿಸಿ ನೋಡಿ, ಸೂಪರ್‌ಮ್ಯಾನ್‌ನನ್ನು ಪುರಾಣಪುರುಷನ ಮರ್ಯಾದೆ ಕೊಟ್ಟು ವಿಚಾರಿಸಿಕೊಂಡವರು, ಮಾತಾಡುವವರ ವಿಷಯಕ್ಕೆ ಬಂದಾಗ ಎರಡೇ ಗೂಡಿಗೆ ತೃಪ್ತರಾದದ್ದು ಆಶ್ಚರ್ಯ. ನಾವು ಏಳು ಗೂಡು ಕಟ್ಟಿದ್ದೇವೆ. ಏಳೇ ಏಕೆ ಎಂದರೆ, ಆರು ಸಾಲಲಿಲ್ಲ, ಎಂಟನೆಯದಕ್ಕೆ ಉದಾಹರಣೆ ಸಿಗಲಿಲ್ಲ.

ಮೂಲ ಸೂತ್ರ: ಗ್ರಂಥವು ಓದುಗನಿಗೊಂದು ಪಾತ್ರ ಕೊಡುತ್ತದೆ, ಆ ಪಾತ್ರಕ್ಕೆ ಓದುಗ ಕೊಡುವ ಉತ್ತರವೇ ಪ್ರತಿಕ್ರಿಯೆ.

ವೃತ್ತಿ: ಪ್ರಮಾಣ ಬೇಕೆಂದರೆ ಈ ಶಾಸ್ತ್ರದ ಮುಖ್ಯ ಗ್ರಂಥವನ್ನೇ ತೆಗೆಯೋಣ. ಅಮೆರಿಕದ ಸ್ಕಾಟ್ ಮೆಕ್ಲೌಡ್ 1993ರಲ್ಲಿ ಹೊರತಂದ 'ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್' ಕಾಮಿಕ್ಸನ್ನು ಕುರಿತ ಒಂಬತ್ತು ಅಧ್ಯಾಯಗಳ ಗ್ರಂಥ. ಅದು ಇರುವುದೂ ಕಾಮಿಕ್ಸ್ ರೂಪದಲ್ಲೇ. ದುಂಡು ಕನ್ನಡಕ, ಚೌಕಳಿ ಕೋಟು ತೊಟ್ಟ ಲೇಖಕನೇ ಪಾತ್ರವಾಗಿ ಪುಟದಿಂದ ಪುಟಕ್ಕೆ ನಡೆಯುತ್ತಾ ಪಾಠ ಹೇಳುತ್ತಾನೆ. ಮೊದಲ ಅಧ್ಯಾಯದಲ್ಲಿ ಅವನು ವೇದಿಕೆ ಹತ್ತಿ ಕಾಮಿಕ್ಸಿಗೊಂದು ವ್ಯಾಖ್ಯೆ ಕಟ್ಟಲು ಹೊರಡುತ್ತಾನೆ. ಕೆಳಗೆ ಕುಳಿತ ಸಭಿಕರು ಸುಮ್ಮನಿರುವುದಿಲ್ಲ. ಹಾಗಾದರೆ ಆನಿಮೇಶನ್ನೂ ಇದರೊಳಗೆ ಬಂತಲ್ಲ ಎಂದು ಒಬ್ಬ ಕೊಕ್ಕೆ ಹಾಕುತ್ತಾನೆ. ವ್ಯಾಖ್ಯೆಯಲ್ಲಿ ಬ್ಯಾಟ್‌ಮನ್ ಎಲ್ಲಿ ಎಂದು ಇನ್ನೊಬ್ಬನ ತಕರಾರು. ಪುಸ್ತಕ ಅಂಗಡಿಗೆ ಬರುವ ಮೊದಲೇ ಅದರ ಮೊದಲ ಪ್ರತಿಕ್ರಿಯೆಗಳು ಅದರೊಳಗೆ ಅಚ್ಚಾಗಿದ್ದವು. ಗ್ರಂಥಕರ್ತ ತನ್ನ ಓದುಗನನ್ನು ಹೀಗೆ ಮುಂಚೆಯೇ ಬರೆದು ಕೂರಿಸುತ್ತಾನೆ. ಉಳಿದ ಗ್ರಂಥಗಳೂ ಇದನ್ನೇ ಮಾಡುತ್ತವೆ, ಬರೆದು ತೋರಿಸುವುದಿಲ್ಲ ಅಷ್ಟೆ. ಒಂದು ಗ್ರಂಥ ಓದುಗನನ್ನು ಸಹಕರ್ತ ಎನ್ನುತ್ತದೆ, ಒಂದು ರೋಗಿ ಎನ್ನುತ್ತದೆ, ಇನ್ನೊಂದು ಮೋಸಹೋದವ ಎನ್ನುತ್ತದೆ. ಯಾರಿಗೆ ಯಾವ ಪಾತ್ರ ಸಿಕ್ಕಿತು, ಅದನ್ನು ಅವರು ಒಪ್ಪಿದರೋ ಒದ್ದರೋ ಎಂಬುದರ ಮೇಲೆ ಕೆಳಗಿನ ಭೇದಗಳು ನಿಂತಿವೆ.

ಪ್ರಥಮ ಭೇದ: ಕೃತಾರ್ಥ

ಸೂತ್ರ: ತಾನು ಬಾಲ್ಯದಲ್ಲಿ ಹಾಳುಮಾಡಿದ ಹೊತ್ತು ಹಾಳಲ್ಲವೆಂದು ತಿಳಿದು ಉಬ್ಬುವವನು ಕೃತಾರ್ಥ.

ವೃತ್ತಿ: ಮೆಕ್ಲೌಡ್ ಓದುಗನಿಗೆ ಕೊಟ್ಟಷ್ಟು ದೊಡ್ಡ ಪಾತ್ರವನ್ನು ಬೇರೆ ಯಾರೂ ಕೊಟ್ಟಿಲ್ಲ. ಅವರ ಪ್ರಕಾರ ಕಾಮಿಕ್ಸಿನ ಮುಖ್ಯ ವ್ಯವಹಾರವೆಲ್ಲ ಎರಡು ಚೌಕಗಳ ನಡುವಿನ ಬಿಳಿ ಸಂದಿನಲ್ಲಿ ನಡೆಯುತ್ತದೆ. ಅಲ್ಲಿ ದುಡಿಯುವವನು ಓದುಗ. ಸಂದು ದಾಟುವ ಬಗೆಗಳನ್ನು ಅವರು ಆರೆಂದು ಎಣಿಸಿದರು: ಕ್ಷಣದಿಂದ ಕ್ಷಣಕ್ಕೆ, ಕ್ರಿಯೆಯಿಂದ ಕ್ರಿಯೆಗೆ, ವಸ್ತುವಿನಿಂದ ವಸ್ತುವಿಗೆ, ದೃಶ್ಯದಿಂದ ದೃಶ್ಯಕ್ಕೆ, ಒಂದೇ ಜಾಗದ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ, ಕಡೆಗೆ ಯಾವ ಸಂಬಂಧವೂ ಇಲ್ಲದ ಜಿಗಿತ. ಆಮೇಲೆ ಪುಸ್ತಕಗಳನ್ನು ಹರಡಿಕೊಂಡು ಲೆಕ್ಕ ಹಾಕಿ, ಅಮೆರಿಕದ ಸೂಪರ್‌ಹೀರೋಗಳಲ್ಲಿ ಎರಡನೆಯ ಬಗೆಯದೇ ದರ್ಬಾರು, ಜಪಾನಿನ ಮಾಂಗಾದಲ್ಲಿ ಐದನೆಯದು ಎದ್ದು ಕಾಣುವಷ್ಟಿದೆ ಎಂದು ಪಟ್ಟಿ ಬರೆದು ತೋರಿಸಿದರು. ಇಷ್ಟು ಬಗೆಯ ಬೌದ್ಧಿಕ ಸಾಹಸವನ್ನು ತಾನು ಎಂಟನೆಯ ವಯಸ್ಸಿನಲ್ಲೇ ಬೋರಲು ಮಲಗಿಕೊಂಡು ಪುಕ್ಕಟೆ ನಡೆಸಿದ್ದೆ ಎಂದು ತಿಳಿದರೆ ಯಾರಿಗೆ ತಾನೆ ಎದೆ ಉಬ್ಬದು?

ಕೃತಾರ್ಥನಲ್ಲಿ ಮೂರು ಉಪಭೇದ. ಮೊದಲನೆಯವನು ಮುಖದರ್ಶಿ. ಎರಡು ಚುಕ್ಕೆ, ಒಂದು ಗೆರೆ ಇದ್ದಲ್ಲೆಲ್ಲ ಮನುಷ್ಯ ಮುಖ ಕಾಣುತ್ತಾನೆ, ಮುಖ ಸರಳವಾದಷ್ಟೂ ಅದರಲ್ಲಿ ತನ್ನನ್ನೇ ಕಾಣುತ್ತಾನೆ ಎಂಬ ಮೆಕ್ಲೌಡ್ ಮಾತನ್ನು ಓದಿದ ದಿನದಿಂದ ಇವನಿಗೆ ಗೋಡೆಯ ಪ್ಲಗ್ಗು, ಕಾರಿನ ಮುಂಭಾಗ, ಕುಕ್ಕರಿನ ಮುಚ್ಚಳ ಎಲ್ಲವೂ ಪರಿಚಿತರು. ಎರಡನೆಯವನು ತ್ರಿಕೋಣಿ. ಮೆಕ್ಲೌಡ್ ಒಂದು ತ್ರಿಕೋನ ಬರೆದು, ಒಂದು ಮೂಲೆಗೆ ವಾಸ್ತವ, ಇನ್ನೊಂದಕ್ಕೆ ಅರ್ಥ, ಮೇಲಿನದಕ್ಕೆ ಬರೀ ಆಕಾರ ಎಂದು ಹೆಸರಿಟ್ಟು, ನೂರಕ್ಕೂ ಹೆಚ್ಚು ಕಲಾವಿದರನ್ನು ಅದರೊಳಗೆ ಕೂರಿಸಿದ್ದಾರೆ. ತ್ರಿಕೋಣಿ ಆ ಕೆಲಸವನ್ನು ಮುಂದುವರಿಸುತ್ತಾನೆ. ಮದುವೆ ಆಮಂತ್ರಣದ ಗಣಪತಿ ಯಾವ ಮೂಲೆಗೆ ಸೇರಬೇಕೆಂದು ಮುಹೂರ್ತ ಮೀರುವವರೆಗೆ ಯೋಚಿಸುತ್ತಾನೆ.

ಮೂರನೆಯವನು ಪೂರ್ವಜಾನ್ವೇಷಿ, ಇವನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಮೆಕ್ಲೌಡ್ ಕಾಮಿಕ್ಸಿನ ವಂಶವೃಕ್ಷವನ್ನು ಹಿಂದಕ್ಕೆ ಎಳೆದು, 1066ರ ನಾರ್ಮನ್ ದಂಡಯಾತ್ರೆಯ ಕಥೆಯನ್ನು ಸುಮಾರು 70 ಮೀಟರ್ ಬಟ್ಟೆಯಲ್ಲಿ ಹೊಲಿದ ಬಾಯೋ ಕಸೂತಿಯನ್ನೂ, ಸ್ಪೇನಿನವರು ಬರುವ ಮೊದಲಿನ ಮೆಕ್ಸಿಕೋದ ಚಿತ್ರಪಟವನ್ನೂ ಅದಕ್ಕೆ ಸೇರಿಸಿದರು. ಅಂದಿನಿಂದ ಪೂರ್ವಜಾನ್ವೇಷಿಗೆ ಗೋಡೆ ಕಂಡರೆ ಸಾಕು. ಕನ್ನಡದ ಪೂರ್ವಜಾನ್ವೇಷಿ ತರೀಕೆರೆ ಹತ್ತಿರದ ಅಮೃತಪುರಕ್ಕೆ ಹೋದರೆ ಸಂಜೆಯವರೆಗೂ ವಾಪಸು ಬರಲಾರ. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ಗುಡಿಯ ತೆರೆದ ಮಂಟಪದ ಹೊರಗೋಡೆಯಲ್ಲಿ 140 ಶಿಲ್ಪಫಲಕಗಳಿವೆ. ದಕ್ಷಿಣಕ್ಕೆ 70ರಲ್ಲಿ ರಾಮಾಯಣ. ಉತ್ತರಕ್ಕೆ 25ರಲ್ಲಿ ಕೃಷ್ಣನ ಕಥೆ, 45ರಲ್ಲಿ ಮಹಾಭಾರತ. ಉತ್ತರದವು ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗುತ್ತವೆ. ರಾಮಾಯಣ ಮಾತ್ರ ಅಪ್ರದಕ್ಷಿಣವಾಗಿ ನಡೆಯುತ್ತದೆ. ಅಂದರೆ ಪದ್ಧತಿಯಂತೆ ಸುತ್ತು ಹಾಕುವ ಭಕ್ತನಿಗೆ ರಾಮಾಯಣ ಕೊನೆಯ ಕಡೆಯಿಂದ ಎದುರಾಗುತ್ತದೆ. ಪೂರ್ವಜಾನ್ವೇಷಿ ಇಲ್ಲಿ ಕುಣಿದಾಡಿ, ಕಾಮಿಕ್ಸ್ ಹೊಯ್ಸಳರದೇ ಎಂದು ಘೋಷಿಸಿ ಊಟಕ್ಕೆ ಹೋಗುತ್ತಾನೆ. ಸ್ವಲ್ಪ ತಾಳ್ಮೆಯಿದ್ದವನು ನಿಂತು ಕೇಳಿಕೊಳ್ಳುತ್ತಾನೆ: ಕ್ರಮ ಇರುವುದು ಕಲ್ಲಿನಲ್ಲೋ, ಸುತ್ತುವ ಕಾಲಿನಲ್ಲೋ? ಈ ಪ್ರಶ್ನೆ ಹುಟ್ಟಿದ ಗಳಿಗೆಯಲ್ಲಿ ಅವನು ಕೃತಾರ್ಥರ ಪಂಗಡ ಬಿಟ್ಟು ಹೊರಬಿದ್ದ ಎಂದು ತಿಳಿಯಬೇಕು.

ದ್ವಿತೀಯ ಭೇದ: ಸೀಮಾಪಾಲಕ

ಸೂತ್ರ: ವ್ಯಾಖ್ಯೆಯನ್ನು ಓದಿದ ಕೂಡಲೇ ಹೊರಗುಳಿದವರ ಪರವಾಗಿ ವಕಾಲತ್ತು ಹಾಕುವವನು ಸೀಮಾಪಾಲಕ.

ವೃತ್ತಿ: ವ್ಯಾಖ್ಯೆಗೆ ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವ ಎಂದು ಮೂರು ದೋಷಗಳುಂಟೆಂದು ನಮ್ಮ ತಾರ್ಕಿಕರು ಹೇಳಿದ್ದಾರೆ. ಮೆಕ್ಲೌಡ್ ವ್ಯಾಖ್ಯೆಯ ತಿರುಳು ಇಷ್ಟು: ಬೇಕೆಂದೇ ಒಂದು ಕ್ರಮದಲ್ಲಿ ಅಕ್ಕಪಕ್ಕ ಇಟ್ಟ ಚಿತ್ರಗಳು. ಇದರಲ್ಲಿ ಮೊದಲ ಎರಡು ದೋಷಗಳು ಜೊತೆಜೊತೆಗೇ ಇವೆ ಎಂಬುದು ಸೀಮಾಪಾಲಕನ ವಾದ. ಕಸೂತಿ ಬಟ್ಟೆ ಒಳಗೆ ಬಂತು. ಒಂದೇ ಚೌಕದ 'ಫ್ಯಾಮಿಲಿ ಸರ್ಕಸ್' ಹೊರಗೆ ಹೋಯಿತು. ಮೈಸೂರಿನ ಆರ್.ಕೆ. ಲಕ್ಷ್ಮಣ್ ದಶಕಗಟ್ಟಲೆ ಪತ್ರಿಕೆಯ ಮುಖಪುಟದಲ್ಲಿ ನಿಲ್ಲಿಸಿದ ಆ ಚೌಕಳಿ ಕೋಟಿನ ಶ್ರೀಸಾಮಾನ್ಯನಿಗೂ ಇದೇ ಗತಿ: ಎರಡನೆಯ ಚೌಕ ಇಲ್ಲದ ತಪ್ಪಿಗೆ ಗಡಿಪಾರು. ಕೋಟಿನ ವಿಷಯದಲ್ಲಿ ಮಾತ್ರ ಅವನಿಗೂ ಮೆಕ್ಲೌಡ್‌ಗೂ ಭೇದವಿಲ್ಲ.

ಸೀಮಾಪಾಲಕರ ಒಳಗೆ ಜಗಳಗಳುಂಟು. ಅಮೆರಿಕದ ಆರ್.ಸಿ. ಹಾರ್ವಿ ಮಾತು-ಚಿತ್ರಗಳ ಬೆಸುಗೆಯೇ ಮುಖ್ಯ ಎಂದು ಹಿಡಿದ ಪಟ್ಟು ಬಿಡಲಿಲ್ಲ. ಆಗ ಮಾತಿಲ್ಲದ ಕಾಮಿಕ್ಸ್ ಅರ್ಜಿ ಹಿಡಿದು ಬಾಗಿಲಲ್ಲಿ ನಿಂತಿತು. ಬೆಲ್ಜಿಯಂ ಮೂಲದ ಟಿಯೆರಿ ಗ್ರೂನ್‌ಸ್ಟೀನ್ ಪೂರ್ಣ ವ್ಯಾಖ್ಯೆ ಅಸಾಧ್ಯವೆಂದೇ ಆರಂಭಿಸಿದರು. ತತ್ವಶಾಸ್ತ್ರದ ಆರನ್ ಮೆಸ್ಕಿನ್ 2007ರಲ್ಲಿ, ಅಷ್ಟಕ್ಕೂ ವ್ಯಾಖ್ಯೆ ಇಲ್ಲದಿದ್ದರೆ ಯಾರ ಗಂಟು ಹೋಗುತ್ತದೆ ಎಂಬರ್ಥದ ಲೇಖನ ಬರೆದರು. ಎಲ್ಲರಿಗಿಂತ ಸೂಕ್ಷ್ಮವಾಗಿ ಓದಿದವರು ನ್ಯೂಜಿಲೆಂಡಿನ ಚಿತ್ರಕಾರ ಡಿಲನ್ ಹೊರಾಕ್ಸ್. 2001ರ ತಮ್ಮ ದೀರ್ಘ ಲೇಖನದಲ್ಲಿ ಅವರು ವ್ಯಾಖ್ಯೆಯ ತಪ್ಪು ಎಣಿಸಲು ಹೋಗಲಿಲ್ಲ. ಇದನ್ನು ಬರೆದವನಿಗೆ ಒಂದು ದೇಶ ಬೇಕಾಗಿತ್ತು, ಅದಕ್ಕೆ ಗಡಿ ಎಳೆದ, ಇತಿಹಾಸ ಕೊಟ್ಟ, ಪ್ರಜೆಗಳನ್ನು ಹುರಿದುಂಬಿಸಿದ ಎಂದು ತೋರಿಸಿಕೊಟ್ಟರು. ಗಡಿ ಎಲ್ಲಿದೆ ಎಂದು ಕೂಗುವ ನೂರು ಸೀಮಾಪಾಲಕರಲ್ಲಿ, ಗಡಿ ಏಕೆ ಬೇಕಾಯಿತು ಎಂದು ಕೇಳುವವನು ಹೀಗೆ ಒಬ್ಬ ಸಿಕ್ಕಾನು.

ತೃತೀಯ ಭೇದ: ಭೀತ

ಸೂತ್ರ: ಪುಸ್ತಕ ಮುಚ್ಚಿ ಮಗನ ಹಾಸಿಗೆ ಎತ್ತಿ ನೋಡುವವನು ಭೀತ.

ವೃತ್ತಿ: ಇದರ ಮೂಲಗ್ರಂಥ 1954ರ 'ಸೆಡಕ್ಷನ್ ಆಫ್ ದಿ ಇನೊಸೆಂಟ್'. ಕರ್ತೃ ಮನೋವೈದ್ಯ ಫ್ರೆಡ್ರಿಕ್ ವರ್ಥಮ್. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬಡ ಕಪ್ಪುಜನರಿಗಾಗಿ ಚಿಕಿತ್ಸಾಲಯ ನಡೆಸಿದ ಸಜ್ಜನ. ತಮ್ಮ ಬಳಿ ಬಂದ ಮಕ್ಕಳನ್ನು ಸಾಕ್ಷಿಗೆ ನಿಲ್ಲಿಸಿ, ಕಾಮಿಕ್ಸ್ ಬಾಲಾಪರಾಧಕ್ಕೆ ದಾರಿ ಎಂದು ಅವರು ವಾದಿಸಿದರು. ಈ ಗ್ರಂಥದಲ್ಲಿ ಮಗು ರೋಗಿ, ಪೋಷಕ ಕಾವಲುಗಾರ. ಕಾವಲುಗಾರರು ಪಾತ್ರವನ್ನು ಕಣ್ಣಿಗೊತ್ತಿಕೊಂಡರು. ಆ ವರ್ಷದ ಏಪ್ರಿಲ್ 21ರಂದು ಸೆನೆಟ್ ಉಪಸಮಿತಿ ನ್ಯೂಯಾರ್ಕಿನಲ್ಲಿ ವಿಚಾರಣೆಗೆ ಕುಳಿತಿತು. ಅಕ್ಟೋಬರ್ ಹೊತ್ತಿಗೆ ಪ್ರಕಾಶಕರು ಹೆದರಿ ತಮಗೆ ತಾವೇ ನೀತಿಸಂಹಿತೆ ಹಾಕಿಕೊಂಡರು. ರೋಗಿಗಳ ಪೈಕಿ ಕೆಲವರು ತಮಗೇನೂ ಆಗಿಲ್ಲವೆಂದು ಸಮಿತಿಗೆ ಕಾಗದ ಬರೆದರು. ಕಾಯಿಲೆಯವನೇ ಆರೋಗ್ಯವಾಗಿದ್ದೇನೆ ಎಂದರೆ ಯಾವ ವೈದ್ಯ ಕೇಳುತ್ತಾನೆ?

ವಿಚಾರಣೆಯಲ್ಲಿ ಪ್ರಕಾಶಕ ವಿಲಿಯಂ ಗೇನ್ಸ್ ಎದುರು ಸೆನೆಟರ್ ಎಸ್ಟೆಸ್ ಕೆಫಾವರ್ ಒಂದು ಮುಖಪುಟ ಎತ್ತಿ ಹಿಡಿದರು. ಒಂದು ಕೈಯಲ್ಲಿ ರಕ್ತದ ಕೊಡಲಿ, ಇನ್ನೊಂದರಲ್ಲಿ ಹೆಂಗಸಿನ ರುಂಡ. ಇದು ಸದಭಿರುಚಿಯೇ ಎಂಬ ಪ್ರಶ್ನೆಗೆ ಗೇನ್ಸ್, ಭಯಾನಕ ಕಾಮಿಕ್ಸಿನ ಮುಖಪುಟಕ್ಕೆ ಹೌದು ಎಂದರು. ರುಂಡವನ್ನು ಇನ್ನಷ್ಟು ಮೇಲೆ ಹಿಡಿದು ಕತ್ತಿನಿಂದ ರಕ್ತ ಸುರಿಯುವುದು ಕಾಣುವಂತೆ ಬರೆದಿದ್ದರೆ ಕೆಟ್ಟ ಅಭಿರುಚಿಯಾಗುತ್ತಿತ್ತು ಎಂದು ಗಡಿಯನ್ನೂ ತೋರಿಸಿದರು. ಸಭೆಗೆ ಈ ಸೂಕ್ಷ್ಮ ರುಚಿಸಲಿಲ್ಲ. ಈಗ ಮೆಕ್ಲೌಡ್ ಗ್ರಂಥದ ಮೂರನೆಯ ಅಧ್ಯಾಯಕ್ಕೆ ಬನ್ನಿ. ಅಲ್ಲೂ ಒಂದು ಕೊಡಲಿ. ಮೊದಲ ಚೌಕದಲ್ಲಿ ಕೊಡಲಿ ಎತ್ತಿದವನೊಬ್ಬ ಇನ್ನೊಬ್ಬನ ಬೆನ್ನ ಹಿಂದಿದ್ದಾನೆ. ಎರಡನೆಯ ಚೌಕದಲ್ಲಿ ಬರೀ ರಾತ್ರಿಯ ಊರು, ಮೇಲೊಂದು ಚೀತ್ಕಾರ. ಕೊಡಲಿ ಬಿದ್ದದ್ದನ್ನು ಯಾರೂ ಬರೆದಿಲ್ಲ. ಬೀಳಿಸಿದವನು ನೀನು ಎಂದು ಮೆಕ್ಲೌಡ್ ಓದುಗನತ್ತ ಬೆರಳು ತೋರಿಸುತ್ತಾರೆ; ಎಲ್ಲಿಗೆ, ಎಷ್ಟು ಜೋರಾಗಿ ಎಂಬುದೂ ನಿನ್ನ ಆಯ್ಕೆ. ನಲವತ್ತು ವರ್ಷದ ಅಂತರದಲ್ಲಿ ಎರಡು ಕೊಡಲಿಗಳು, ಎರಡು ನ್ಯಾಯಗಳು. ವರ್ಥಮ್ ಪ್ರಕಾರ ಚಿತ್ರ ಓದುಗನಿಗೆ ಏನೋ ಮಾಡುತ್ತದೆ. ಮೆಕ್ಲೌಡ್ ಪ್ರಕಾರ ಓದುಗ ಚಿತ್ರಕ್ಕೆ ಏನೋ ಮಾಡುತ್ತಾನೆ. ಮುಗ್ಧ ಎಂದಾಗ ಓದುಗರು ರೇಗಿದರು; ಕೊಲೆಗಾರ ಎಂದಾಗ ಹಿಗ್ಗಿದರು. ಮನುಷ್ಯಸ್ವಭಾವದ ಬಗ್ಗೆ ಇದು ಏನನ್ನು ಹೇಳುತ್ತದೆ ಎಂಬುದನ್ನು ಬೇರೆ ಶಾಸ್ತ್ರಕ್ಕೆ ಬಿಡೋಣ.

ಅನುಬಂಧ: ಈ ಗ್ರಂಥಕ್ಕೆ ನಿಜವಾದ ಓದುಗರು ಸಿಕ್ಕಿದ್ದು ತಡವಾಗಿ. ವರ್ಥಮ್ ಕಾಗದಪತ್ರಗಳು ಸಾರ್ವಜನಿಕರಿಗೆ ತೆರೆದ ಮೇಲೆ ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾರಲ್ ಟಿಲ್ಲಿ ಮೂಲ ಟಿಪ್ಪಣಿಗಳನ್ನು ಪುಸ್ತಕದ ಜೊತೆ ಹೋಲಿಸಿ ನೋಡಿದರು. ಮಕ್ಕಳ ಮಾತುಗಳು ಅಲ್ಲಲ್ಲಿ ತಿದ್ದಿ, ಬೆಸೆದು, ಬೇಕಾದದ್ದನ್ನು ಉಳಿಸಿಕೊಂಡು ಬಂದಿದ್ದವೆಂದು 2012ರಲ್ಲಿ ಪ್ರಕಟಿಸಿದರು. ಹೆದರದೆ, ಹಿಗ್ಗದೆ, ಹೋಲಿಸಿ ಓದುವುದೂ ಒಂದು ಪ್ರತಿಕ್ರಿಯೆ. ಅದಕ್ಕೆ ಬೇಕಾದ ಕಾಲ: ಸುಮಾರು 58 ವರ್ಷ.

ಚತುರ್ಥ ಭೇದ: ಬಾಲ್ಯಾಭಿಮಾನಿ

ಸೂತ್ರ: ತನ್ನ ನೆಚ್ಚಿನ ಬಾತುಕೋಳಿಗೆ ರಾಜಕೀಯವಿದೆ ಎಂದರೆ ಸಿಡಿದೇಳುವವನು ಬಾಲ್ಯಾಭಿಮಾನಿ.

ವೃತ್ತಿ: ಕೆಲವು ಗ್ರಂಥಗಳು ಓದುಗನಿಗೆ ಮೋಸಹೋದವನ ಪಾತ್ರ ಕೊಡುತ್ತವೆ. ಚಿಲಿಯಲ್ಲಿ ಸಮಾಜವಾದಿ ಅಧ್ಯಕ್ಷ ಅಯೆಂದೆ ಅವರ ಸರ್ಕಾರವಿದ್ದಾಗ, 1971ರಲ್ಲಿ, ಏರಿಯಲ್ ಡಾರ್ಫ್‌ಮನ್ ಮತ್ತು ಅರ್ಮಾಂ ಮತ್ತೆಲಾರ್ ಡೊನಾಲ್ಡ್ ಡಕ್ ಓದುವುದು ಹೇಗೆ ಎಂದು ಪುಸ್ತಕ ಬರೆದರು. ಈ ಲೋಕದಲ್ಲಿ ಅಪ್ಪ ಅಮ್ಮ ಯಾರಿಗೂ ಇಲ್ಲ, ಎಲ್ಲರೂ ಚಿಕ್ಕಪ್ಪ-ಅಣ್ಣನ ಮಕ್ಕಳೇ ಏಕೆ? ಹಣ ಎಲ್ಲರಿಗೂ ಬೇಕು, ದುಡಿಯುವವರು ಯಾರೂ ಕಾಣುವುದಿಲ್ಲ ಏಕೆ? ದೂರದೇಶದ ಜನರೆಲ್ಲ ಮಕ್ಕಳಂತೆ ಪೆದ್ದುಪೆದ್ದಾಗಿ ಬಂಗಾರ ಒಪ್ಪಿಸುವುದೇಕೆ? ಇವು ಅವರ ಪ್ರಶ್ನೆಗಳು.

ನಮ್ಮಲ್ಲಿ ಈ ಭೇದದ ಜನ ಅಮರ ಚಿತ್ರ ಕಥೆಯ ಸುತ್ತ ಸಿಗುತ್ತಾರೆ. ಕಾರ್ಕಳದ ಅನಂತ ಪೈ 1967ರಲ್ಲಿ ಕಟ್ಟಿ ನಿಲ್ಲಿಸಿದ ಆ ಮಾಲೆಯಲ್ಲಿ ಮೊದಲ ಹತ್ತು ಸಂಖ್ಯೆಗಳು ಪಾಶ್ಚಾತ್ಯ ಕಥೆಗಳ ಪಾಲಾಗಿದ್ದವು. 'ಕೃಷ್ಣ' ಬಂದದ್ದು 11ನೆಯ ಸಂಖ್ಯೆಯಾಗಿ. ಆಮೇಲೆ ನಂದಿನಿ ಚಂದ್ರ (2008), ಕಾರ್ಲೀನ್ ಮೆಕ್ಲೇನ್ (2009) ಇದರ ಮೇಲೆ ಗ್ರಂಥ ಬರೆದು, ದೇವರ ಮೈಕಟ್ಟು, ರಾಕ್ಷಸರ ಮೈಬಣ್ಣ, ಸತಿಯರ ಸಹನೆ, ಇತಿಹಾಸದಲ್ಲಿ ಯಾರನ್ನು ಎತ್ತಿದರು ಯಾರನ್ನು ಬಿಟ್ಟರು ಎಂದೆಲ್ಲ ಕೇಳಿದರು. ಬೇಸಿಗೆ ರಜೆಯಲ್ಲಿ ಬೌಂಡ್ ವಾಲ್ಯೂಮ್ ಮೇಲೆ ಬೆಳೆದ ಬಾಲ್ಯಾಭಿಮಾನಿ ಇದನ್ನು ಸ್ವಂತ ಅಜ್ಜಿಯ ಮೇಲಿನ ಆರೋಪಪಟ್ಟಿಯಾಗಿ ಓದುತ್ತಾನೆ. ಮುಖ್ಯ ಲಕ್ಷಣ: ಪುಸ್ತಕ ಏನು ಹೇಳುತ್ತದೆ ಎಂದು ಕೇಳಿದರೆ, ತನಗೇನೂ ಆಗಿಲ್ಲವಲ್ಲ ಎನ್ನುತ್ತಾನೆ.

ಈ ಭೇದ ಕೆರಳಿದಾಗ ಎರಡು ಉಗ್ರರೂಪ ತಾಳುತ್ತದೆ. ಒಂದು ದಾಹಕ. 1973ರ ಸೇನಾದಂಗೆಯ ನಂತರ ಚಿಲಿಯಲ್ಲಿ ಡಾರ್ಫ್‌ಮನ್ ಪುಸ್ತಕವನ್ನು ಸುಟ್ಟರು. ಅಡಗಿ ಕುಳಿತಿದ್ದ ಲೇಖಕ ಅದನ್ನು ಟಿ.ವಿ.ಯಲ್ಲಿ ನೋಡಿದರು. ಸಾವಿರಗಟ್ಟಲೆ ಪ್ರತಿಗಳು ವಾಲ್ಪರೈಸೊ ಬಳಿ ಸಮುದ್ರ ಸೇರಿದವು. ಎರಡನೆಯದು ಶೌಲ್ಕಿಕ. ಡೇವಿಡ್ ಕುಂಜ್ಲೆ ಮಾಡಿದ ಇಂಗ್ಲಿಷ್ ಅನುವಾದ 1975ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾಗಿ ಅಮೆರಿಕಕ್ಕೆ ಬಂದಾಗ, ಡಿಸ್ನಿ ಚಿತ್ರಗಳ ಹಕ್ಕುಸ್ವಾಮ್ಯದ ಪ್ರಶ್ನೆ ಎದ್ದು ಕಸ್ಟಮ್ಸ್‌ನವರು ಪೆಟ್ಟಿಗೆಗಳನ್ನು ತಡೆದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂಬ ಗಾದೆಯಿದ್ದರೂ ವಕೀಲರು ಹೇಳಿಕೊಂಡರು. ಚಿತ್ರಗಳ ಬಳಕೆ ತಪ್ಪಲ್ಲವೆಂದು 1976ರಲ್ಲಿ ತೀರ್ಮಾನವಾಯಿತು. ಆದರೆ ಹೊರದೇಶದಲ್ಲಿ ಅಚ್ಚಾದ ಪುಸ್ತಕಗಳಿಗಿದ್ದ ಇನ್ನೊಂದು ಹಳೆಯ ಕಟ್ಟಳೆ ತೆಗೆದು, 1,500 ಪ್ರತಿಗಿಂತ ಹೆಚ್ಚು ಒಳಗೆ ಬಿಡಲಿಲ್ಲ. ಮೆಕ್ಲೌಡ್ ಪುಸ್ತಕವನ್ನು ಯಾವ ಸೇನೆಯೂ ಸುಟ್ಟಿಲ್ಲ. ಓದುಗನನ್ನು ಹೊಗಳುವ ಶಾಸ್ತ್ರಕ್ಕೂ ಒಡೆಯನನ್ನು ಹೆಸರಿಸುವ ಶಾಸ್ತ್ರಕ್ಕೂ ಇರುವ ವ್ಯತ್ಯಾಸ ಇದು.

ಪಂಚಮ ಭೇದ: ಶ್ರಾಂತ

ಸೂತ್ರ: ಇಷ್ಟೆಲ್ಲ ಬೇಕಿತ್ತೇ ಎನ್ನುವವನು ಶ್ರಾಂತ.

ವೃತ್ತಿ: ಗ್ರೂನ್‌ಸ್ಟೀನ್ 1999ರಲ್ಲಿ ಫ್ರೆಂಚಿನಲ್ಲಿ ಬರೆದು, 2007ರಲ್ಲಿ ಇಂಗ್ಲಿಷಿಗೆ ಬಂದ 'ದಿ ಸಿಸ್ಟಮ್ ಆಫ್ ಕಾಮಿಕ್ಸ್' ಓದುಗನನ್ನು ನೇಕಾರನಾಗಿ ಕಾಣುತ್ತದೆ. ಮೂರನೆಯ ಪುಟದ ಒಂದು ಚೌಕ ಎಂಬತ್ತನೆಯ ಪುಟದ ಇನ್ನೊಂದು ಚೌಕದೊಂದಿಗೆ ಆಕಾರದಲ್ಲೋ ಬಣ್ಣದಲ್ಲೋ ಹೆಣೆದುಕೊಳ್ಳುತ್ತದೆ; ಪುಸ್ತಕದ ಎಲ್ಲ ಚೌಕಗಳೂ ಒಂದಕ್ಕೊಂದು ಬಂಧುಗಳು. ಒಳ್ಳೆಯ ವಿಚಾರ. ಅದನ್ನು ಹೇಳಲು ಬಳಸಿದ ಪಾರಿಭಾಷಿಕ ಪದಗಳಿಗೆ ಹೆದರಿ ಅರ್ಧ ಜನ ಅರ್ಥವಾಗಲಿಲ್ಲ, ಆದ್ದರಿಂದ ಗಹನ ಎಂದರು. ಇನ್ನರ್ಧ ಜನ ಅರ್ಥವಾಗಲಿಲ್ಲ, ಆದ್ದರಿಂದ ಬೊಗಳೆ ಎಂದರು. ಎರಡೂ ಒಂದೇ ಆಯಾಸದ ಎರಡು ಉಸಿರು.

ಶ್ರಾಂತನ ಪರೀಕ್ಷೆಗೆ ಇನ್ನೂ ಒಳ್ಳೆಯ ಒರೆಗಲ್ಲು ಪಾಲ್ ಕರಾಸಿಕ್ ಮತ್ತು ಮಾರ್ಕ್ ನ್ಯೂಗಾರ್ಡನ್ ಅವರದು. ಎರ್ನಿ ಬುಶ್‌ಮಿಲ್ಲರ್ ಬರೆದ 'ನ್ಯಾನ್ಸಿ' ಸ್ಟ್ರಿಪ್‌ನ ಒಂದೇ ಒಂದು ದಿನದ ಕಂತು, 1959ರ ಆಗಸ್ಟ್ 8ರದು, ಅವರ ವಿಷಯ. ಮೂರೇ ಚೌಕ. ಸ್ಲಗ್ಗೋ ಎಂಬ ಪೋರ ಕೌಬಾಯ್ ಗತ್ತಿನಲ್ಲಿ ನೀರಿನ ಪಿಸ್ತೂಲಿನಿಂದ ಓರಗೆಯವರ ಮುಖಕ್ಕೆ ಹೊಡೆಯುತ್ತಾ ಬರುತ್ತಾನೆ, ನ್ಯಾನ್ಸಿ ನೋಡುತ್ತಾಳೆ, ಕೊನೆಯ ಚೌಕದಲ್ಲಿ ಅವಳ ಸೊಂಟದ ಪಿಸ್ತೂಲು ಚೀಲದಲ್ಲಿ ತೋಟಕ್ಕೆ ನೀರು ಹಾಯಿಸುವ ಪೈಪು ಸಿಕ್ಕಿಸಿದೆ. 1988ರಲ್ಲಿ ಇವರು ಇದರ ಮೇಲೆ ಒಂದು ಪ್ರಬಂಧ ಬರೆದರು. ಸಾಲದೆಂದು 2017ರಲ್ಲಿ ಪುಸ್ತಕವನ್ನೇ ತಂದು, ಸಂಭಾಷಣೆ, ಕಪ್ಪುಬಣ್ಣ, ಬೇಲಿ, ನಲ್ಲಿ, ಬಿಳಿಜಾಗ ಎಂದು ಒಂದೊಂದನ್ನೇ ಕಳಚಿಟ್ಟು ನಲವತ್ತಕ್ಕೂ ಹೆಚ್ಚು ಅಂಶಗಳನ್ನು ವಿವರಿಸಿದರು. ನಗಲು ಮೂರು ಸೆಕೆಂಡು, ನಗು ಹೇಗೆ ಬಂತೆಂದು ತಿಳಿಯಲು ಮೂರು ದಶಕ. ಶ್ರಾಂತ ಇಲ್ಲಿ ಆಕಳಿಸುತ್ತಾನೆ. ಆದರೆ ಪುಸ್ತಕ ಮುಚ್ಚಿದ ಮೇಲೆ ಬೆಳಗಿನ ಪತ್ರಿಕೆಯ ಸ್ಟ್ರಿಪ್‌ನಲ್ಲಿ ಅಡ್ಡಗೆರೆ ಎಲ್ಲಿದೆ ಎಂದು ಅವನ ಕಣ್ಣು ತಾನಾಗಿಯೇ ಹುಡುಕುತ್ತದೆ. ಬಾಯಿ ಬೇಡವೆಂದರೂ ಕಣ್ಣು ಪಾಠ ಕಲಿತಿರುತ್ತದೆ.

ಷಷ್ಠ ಭೇದ: ಮಾಪಿತ

ಸೂತ್ರ: ಯಾರ ಅಭಿಪ್ರಾಯ ಕೇಳದೆಯೇ ಪ್ರತಿಕ್ರಿಯೆ ದಾಖಲಾಗುವುದೋ ಅವನು ಮಾಪಿತ.

ವೃತ್ತಿ: ಚಿತ್ರಸರಣಿಗೂ ವಾಕ್ಯದ ಹಾಗೆ ವ್ಯಾಕರಣವಿದೆ ಎನ್ನುವ ಪಂಡಿತ ನೀಲ್ ಕೋನ್ ಅವರ 'ದಿ ವಿಶುವಲ್ ಲ್ಯಾಂಗ್ವೇಜ್ ಆಫ್ ಕಾಮಿಕ್ಸ್' ಬಂದದ್ದು 2013ರಲ್ಲಿ. ಮೆಕ್ಲೌಡ್ ಹೇಳಿದಂತೆ ಪಕ್ಕಪಕ್ಕದ ಚೌಕಗಳ ಸಂಬಂಧ ಮಾತ್ರ ನೋಡಿದರೆ ಸಾಲದು, ಇಡೀ ಸಾಲಿಗೇ ರಚನೆಯಿದೆ ಎಂಬುದು ಇವರ ಪಕ್ಷ. ವಾದಿಸಿ ಸುಸ್ತಾಗುವ ಬದಲು ಇವರು ಓದುಗರ ತಲೆಗೆ ವಿದ್ಯುದ್ವಾರ ಅಂಟಿಸಿ, 'ಪೀನಟ್ಸ್' ಕಾಮಿಕ್ಸಿನ ಚೌಕಗಳನ್ನು ಸರಿಯಾದ ಕ್ರಮದಲ್ಲೂ, ಕಲಸಿ ಹಾಕಿಯೂ ತೋರಿಸಿ, ಮಿದುಳಿನ ಅಲೆ ಎಲ್ಲಿ ಮುಗ್ಗರಿಸುತ್ತದೆ ಎಂದು ಅಳೆದರು. ಮಾತಿನಲ್ಲಿ ಅರ್ಥ ತಪ್ಪಿದಾಗ ಸುಮಾರು 400 ಮಿಲಿಸೆಕೆಂಡಿಗೆ ಏಳುವ ಅಲೆಯೇ ಇಲ್ಲೂ ಎದ್ದಿತು. ಈ ಭೇದದ ಓದುಗ ಹೊಗಳುವುದಿಲ್ಲ, ಬೈಯುವುದಿಲ್ಲ. ಸ್ನೂಪಿ ತಪ್ಪು ಜಾಗದಲ್ಲಿ ಬಂದಾಗ ತನಗೇ ಗೊತ್ತಾಗದಂತೆ ಆಕ್ಷೇಪಿಸುತ್ತಾನೆ. ಶಾಸ್ತ್ರಕಾರರ ಮಟ್ಟಿಗೆ ಇವನಷ್ಟು ಪ್ರಾಮಾಣಿಕ ಓದುಗ ಇನ್ನೊಬ್ಬನಿಲ್ಲ. ಇವನಷ್ಟು ನೀರಸ ಸಂಗಾತಿಯೂ ಇಲ್ಲ.

ಸಪ್ತಮ ಭೇದ: ಪ್ರತ್ಯುತ್ತರಿ

ಸೂತ್ರ: ಸಿಟ್ಟು ಬಂದಾಗ ಸೀಸದಕಡ್ಡಿ ಚೂಪು ಮಾಡುವವನು ಪ್ರತ್ಯುತ್ತರಿ.

ವೃತ್ತಿ: ಈ ಶಾಸ್ತ್ರಕ್ಕೆ ಬೇರೆ ಶಾಸ್ತ್ರಗಳಿಗಿಲ್ಲದ ಒಂದು ಭಾಗ್ಯವಿದೆ. ಸಂಗೀತಶಾಸ್ತ್ರವನ್ನು ಹಾಡಿ ಖಂಡಿಸಿ, ಪುಸ್ತಕವಾಗಿ ಮಾರಲಾಗದು. ನೃತ್ಯಶಾಸ್ತ್ರಕ್ಕೆ ಕುಣಿದು ಅಡಿಟಿಪ್ಪಣಿ ಬರೆಯಲಾಗದು. ಕಾಮಿಕ್ಸ್ ಶಾಸ್ತ್ರಕ್ಕೆ ಮಾತ್ರ ಕಾಮಿಕ್ಸಿನಲ್ಲೇ ಉತ್ತರ ಕೊಡಬಹುದು. ಆರಂಭವೂ ಹಾಗೇ ಆಯಿತು. ಜಿನೀವಾದ ಶಾಲಾಮಾಸ್ತರ ರೊಡಾಲ್ಫ್ ಟೊಪ್ಫೆರ್ ತಮಾಷೆಗೆ ಬರೆದಿದ್ದ ಚಿತ್ರಕಥೆಗಳನ್ನು ಮುದುಕ ಗಯಟೆ ನೋಡಿ ಮೆಚ್ಚಿದ. ಮುಂದೆ 1845ರಲ್ಲಿ ಟೊಪ್ಫೆರ್ ಮುಖಗಳನ್ನು ಬರೆಯುವ ಬಗೆಯನ್ನು ಕುರಿತ ಪ್ರಬಂಧ ಹೊರತಂದಾಗ, ಕೈಬರಹದ ಮಾತೂ ಗೀಚಿದ ಮುಖಗಳೂ ಅದರ ಪುಟದಲ್ಲಿ ಒಟ್ಟಿಗೇ ಕುಳಿತಿದ್ದವು.

ಅಲ್ಲಿಂದಾಚೆಗೆ ಸರಪಳಿ ನೋಡಿ. ನ್ಯೂಯಾರ್ಕಿನ ಕಲಾಶಾಲೆಯಲ್ಲಿ ಪಾಠ ಹೇಳಿದ ಅನುಭವದಿಂದ ವಿಲ್ ಐಸ್ನರ್ 1985ರಲ್ಲಿ 'ಕಾಮಿಕ್ಸ್ ಅಂಡ್ ಸೀಕ್ವೆನ್ಷಿಯಲ್ ಆರ್ಟ್' ಬರೆದರು. ಓದುಗನನ್ನು ವಿದ್ಯಾರ್ಥಿಯಾಗಿ ಕೂರಿಸಿದರು. ಮೆಕ್ಲೌಡ್ ಆ ವಿದ್ಯಾರ್ಥಿಯ ಬೆಂಚಿನಿಂದ ಎದ್ದು, ಐಸ್ನರ್ ಇಟ್ಟ ಹೆಸರಿನಿಂದಲೇ ತಮ್ಮ ವ್ಯಾಖ್ಯೆ ಶುರುಮಾಡಿ, ಅದನ್ನು ಹಿಗ್ಗಿಸಿ ಒಂಬತ್ತು ಅಧ್ಯಾಯ ಮಾಡಿದರು. ಮೆಕ್ಲೌಡ್ ಪ್ರಜೆಯೆಂದದ್ದನ್ನು ಒಪ್ಪದ ಹೊರಾಕ್ಸ್ ಭೂಪಟವನ್ನೇ ಪ್ರಶ್ನಿಸಿದರು. ಪಕ್ಕದ ಚೌಕ ಸಾಲದೆಂದ ಕೋನ್ ಪ್ರಯೋಗಾಲಯ ತೆರೆದರು. ಒಂದು ಸಾಧಾರಣ ಘಟನೆ: ಒಬ್ಬ ಲ್ಯಾಪ್‌ಟಾಪ್ ಮುಚ್ಚಿ ಫ್ರಿಜ್ ತನಕ ಹೋಗುತ್ತಾನೆ, ಮಹಡಿಯಿಂದ ಯಾರೋ ಗಂಟೆ ಕೇಳುತ್ತಾರೆ, ಫ್ರಿಜ್ ತೆರೆದಾಗ ಏನು ಬೇಕಿತ್ತೆಂಬುದೇ ಮರೆತಿರುತ್ತದೆ. ಇದನ್ನೇ ಮ್ಯಾಟ್ ಮ್ಯಾಡನ್ 2005ರಲ್ಲಿ 99 ಬಗೆಯಲ್ಲಿ ಬರೆದು ತೋರಿಸಿ, ಒಂದೇ ಒಂದು ಸಿದ್ಧಾಂತ ನುಡಿಯದೆ ಹತ್ತಾರು ಸಿದ್ಧಾಂತಗಳಿಗೆ ಕೆಲಸ ಕೊಟ್ಟರು. ನಿಕ್ ಸೌಸಾನಿಸ್ ಕೊಲಂಬಿಯಾದಲ್ಲಿ ಡಾಕ್ಟರೇಟ್ ಪ್ರಬಂಧವನ್ನೇ ಕಾಮಿಕ್ಸಾಗಿ ಬರೆದು ಒಪ್ಪಿಸಿದರು. 2015ರಲ್ಲಿ ಅದು ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ 'ಅನ್‌ಫ್ಲಾಟನಿಂಗ್' ಆಗಿ ಬಂತು. ಮೆಕ್ಲೌಡ್ ಕೂಡ ಸುಮ್ಮನಿರಲಿಲ್ಲ: 2000ರಲ್ಲಿ ಒಂದು, 2006ರಲ್ಲಿ ಇನ್ನೊಂದು ಗ್ರಂಥ ಬರೆದರು. ಕಂಪ್ಯೂಟರ್ ಪರದೆಯೇ ಕೊನೆಯಿಲ್ಲದ ಹಾಳೆ ಎಂದದ್ದು ಅವುಗಳಲ್ಲಿ ಮೊದಲನೆಯದರಲ್ಲಿ. ಓದುಗರು ಚಿಲ್ಲರೆ ಕಾಸು ಕೊಟ್ಟು ಕಾಮಿಕ್ಸ್ ಕೊಳ್ಳುತ್ತಾರೆಂಬ ಅದರ ಆಸೆಗೆ ಓದುಗರು ತಮ್ಮ ಪ್ರತಿಕ್ರಿಯೆಯನ್ನು ಜೇಬಿನಿಂದ ಕೈ ತೆಗೆಯದೆಯೇ ತಿಳಿಸಿದರು.

ಸಂಕರ ಪ್ರಕರಣ

ಶುದ್ಧ ಭೇದಗಳು ವಿರಳ. ಕೃತಾರ್ಥನು ಮಗು ಹುಟ್ಟಿದ ಮೇಲೆ ಭೀತನಾಗುತ್ತಾನೆ. ಬಾಲ್ಯಾಭಿಮಾನಿಯು ಅಮರ ಚಿತ್ರ ಕಥೆಯ ಮೇಲಿನ ಟೀಕೆಗೆ ಕನಲಿ, ಡೊನಾಲ್ಡ್ ಡಕ್ ಮೇಲಿನ ಟೀಕೆಯನ್ನು ಚಪ್ಪಾಳೆ ತಟ್ಟಿ ಒಪ್ಪುತ್ತಾನೆ. ತದ್ವಿರುದ್ಧದ ಜಾತಿಯೂ ಉಂಟು. ಸೀಮಾಪಾಲಕ ಗಡಿ ಕಾದು ದಣಿದು ಶ್ರಾಂತನಾಗುವುದು ವಯೋಧರ್ಮ. ಪುಸ್ತಕ ಕೊಂಡು ಚಿತ್ರ ಮಾತ್ರ ನೋಡಿದವನನ್ನು ಎಲ್ಲಿ ಸೇರಿಸಬೇಕೆಂದು ಕೇಳಬಹುದು. ಗ್ರೂನ್‌ಸ್ಟೀನ್ ವಿಷಯದಲ್ಲಾದರೆ ಅವನು ಶ್ರಾಂತ. ಮೆಕ್ಲೌಡ್ ವಿಷಯದಲ್ಲಾದರೆ ಅವನು ಓದಿದವನೇ.

ಸಿದ್ಧಾಂತ

ಏಳು ಭೇದಗಳನ್ನು ಒಟ್ಟಿಗೆ ನಿಲ್ಲಿಸಿ ನೋಡಿದರೆ ಒಂದು ವಿಷಯ ಸ್ಪಷ್ಟ. ಕೊಟ್ಟ ಪಾತ್ರವನ್ನು ಮರುಮಾತಿಲ್ಲದೆ ಒಪ್ಪಿದ ಓದುಗರಿಂದ ಶಾಸ್ತ್ರಕ್ಕೆ ಏನೂ ಬರಲಿಲ್ಲ. ಮೆಕ್ಲೌಡ್ ಪುಸ್ತಕವನ್ನು ತಲೆಯ ಮೇಲೆ ಹೊತ್ತ ಕೃತಾರ್ಥರು ಅದನ್ನು ಮಾರಿಕೊಟ್ಟರು, ಮುಂದೆ ಒಯ್ಯಲಿಲ್ಲ. ವರ್ಥಮ್ ಕೊಟ್ಟ ಕಾವಲುಗಾರನ ಪಾತ್ರವನ್ನು ಒಪ್ಪಿದ ಪೋಷಕರು ನೀತಿಸಂಹಿತೆ ತಂದರು, ಮಕ್ಕಳು ಹೇಗೆ ಓದುತ್ತಾರೆಂಬ ಬಗ್ಗೆ ಒಂದು ಸಾಲೂ ಕಲಿಯಲಿಲ್ಲ. ಕೊಟ್ಟ ಪಾತ್ರವನ್ನು ಒದ್ದು ಎದ್ದುಹೋದವರೂ ಅಷ್ಟೆ. ಸುಟ್ಟವರಿಗೆ ಬೂದಿ ಬಿಟ್ಟರೆ ಬೇರೇನೂ ಸಿಗಲಿಲ್ಲ, ಪುಸ್ತಕಕ್ಕೆ ಪ್ರಚಾರ ಸಿಕ್ಕಿತು. ಶಾಸ್ತ್ರ ಬೆಳೆದದ್ದು ಪಾತ್ರವನ್ನು ಕೈಗೆತ್ತಿಕೊಂಡು, ಇದು ನನ್ನ ಅಳತೆಗೆ ಕೂಡುವುದಿಲ್ಲ ಎಂದು ಕಾರಣಸಹಿತ ಹಿಂದಿರುಗಿಸಿದವರಿಂದ: ಹೋಲಿಸಿ ನೋಡಿದ ಟಿಲ್ಲಿ, ಭೂಪಟ ಪ್ರಶ್ನಿಸಿದ ಹೊರಾಕ್ಸ್, ಮೂರು ಚೌಕಕ್ಕೆ ಮೂರು ದಶಕ ಕೊಟ್ಟ ಇಬ್ಬರು, ಅಮೃತಪುರದ ಗೋಡೆಯ ಮುಂದೆ ಯಾವ ಕಡೆಯಿಂದ ಓದಲಿ ಎಂದು ನಿಂತುಬಿಟ್ಟ ಆ ಹೆಸರಿಲ್ಲದವನು.

ಈ ಪ್ರಕರಣವೂ ತನ್ನ ಓದುಗನಿಗೆ ಒಂದು ಪಾತ್ರ ಕೊಟ್ಟೇ ಇದೆ: ಏಳರಲ್ಲಿ ತನ್ನ ಗೂಡು ಯಾವುದೆಂದು ಹುಡುಕಿಕೊಳ್ಳುವವನ ಪಾತ್ರ. ಯಾವುದೂ ಒಗ್ಗಲಿಲ್ಲವೆಂದರೆ ಎಂಟನೆಯ ಭೇದಕ್ಕೆ ಜಾಗ ಖಾಲಿಯಿದೆ. ಸೂತ್ರ, ಲಕ್ಷಣ, ಉದಾಹರಣೆ, ಇಸವಿ ಎಲ್ಲ ಕೂಡಿಸಿ ಬರೆದು ತಂದವರ ಅರ್ಜಿಯನ್ನು ಸ್ವೀಕರಿಸಲಾಗುವುದು. ಚೌಕ ಹಾಕಿ, ಚಿತ್ರದಲ್ಲಿ ಬರೆದು ತಂದರೆ ಸೂತ್ರಕ್ಕೆ ವಿನಾಯಿತಿ ಉಂಟು.